ಆರ್‌ಒ ಹೊರಗೆ ಬಿಡುವ ನೀರಿನ ನೈಟ್ರೇಟ್: ಕರೆಂಟ್ ಮತ್ತು ಅಲ್ಟ್ರಾಸೌಂಡ್ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಅಲ್ಟ್ರಾಸೌಂಡ್ ಒಂದನ್ನೇ ನಂಬಿದರೆ ನೀರಿನ ನೈಟ್ರೇಟ್ ಒಂದು ಚೂರೂ ಕಡಿಮೆ ಆಗುವುದಿಲ್ಲ. ಕರೆಂಟ್ ಹಾಯಿಸಿದರೆ ಕಡಿಮೆ ಆಗುತ್ತದೆ. ಆದರೆ ಕಡಿಮೆ ಆದದ್ದು ಏನಾಯಿತು ಎಂದು ಹುಡುಕದೆ ಬಿಟ್ಟರೆ ಮೋಸ ಹೋಗುತ್ತೀರಿ. ನನ್ನ ಕೆಲಸ ಇನ್ನೂ ಮುಗಿದಿಲ್ಲ. ಆರ್‌ಒ (ನೀರು ಶುದ್ಧ ಮಾಡುವ ಯಂತ್ರ) ಹೊರಗೆ ಬಿಡುವ ನೀರಲ್ಲಿ ನೈಟ್ರೇಟ್ ಲೀಟರಿಗೆ 160 ಮಿಲಿಗ್ರಾಂ ಇದ್ದದ್ದು 50ರ ಆಸುಪಾಸಿಗೆ ಬಂದು ನಿಂತಿದೆ. ಕುಡಿಯುವ ನೀರಿನ ಮಿತಿ 45.

ನಮ್ಮದು ಕೋಲಾರದ ಕಡೆಯ ಹಳ್ಳಿ. ಕುಡಿಯಲು, ಹಸುಗಳಿಗೆ, ತರಕಾರಿಗೆ ಎಲ್ಲಕ್ಕೂ ಬೋರ್‌ವೆಲ್ ನೀರೇ. ಬೋರ್‌ನಿಂದ ಸ್ವಲ್ಪ ದೂರಕ್ಕೆ ತಿಪ್ಪೆ, ಆಚೆ ಶೌಚಾಲಯದ ಗುಂಡಿ, ಸುತ್ತ ಟೊಮೆಟೊ ತೋಟಗಳಿಗೆ ವರ್ಷವಿಡೀ ಯೂರಿಯಾ. ಲ್ಯಾಬ್‌ಗೆ ಕೊಟ್ಟಾಗ ನೈಟ್ರೇಟ್ 112, ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) 860, ಗಡಸುತನ 480, ಪಿಎಚ್ (ಆಮ್ಲ-ಕ್ಷಾರದ ಅಳತೆ) 7.3 ಬಂತು. ಭಾರತೀಯ ಮಾನಕ ಐಎಸ್ 10500ರಲ್ಲಿ ನೈಟ್ರೇಟ್‌ಗೆ 45ರ ಮೇಲೆ ಯಾವ ರಿಯಾಯಿತಿಯೂ ಇಲ್ಲ. ನಮ್ಮ ಮನೆಯೊಂದರ ಕಥೆಯಲ್ಲ ಇದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಹತ್ತಿರ ಹತ್ತಿರ ಅರ್ಧದಷ್ಟು ಮಾದರಿಗಳು ಈ ಮಿತಿ ದಾಟಿದ್ದವು. ಕುದಿಸಿದರೆ ಹೋಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಹೋಗುವುದಿಲ್ಲ. ನೀರು ಆವಿಯಾಗಿ ನೈಟ್ರೇಟ್ ಇನ್ನೂ ಜಾಸ್ತಿ ಆಗುತ್ತದೆ. ಪುಟ್ಟ ಕೂಸುಗಳಿಗೆ ಇದು ನಿಜಕ್ಕೂ ಅಪಾಯ. ರಕ್ತ ಆಮ್ಲಜನಕ ಹೊರುವುದೇ ಕುಗ್ಗಿ ಮೈ ನೀಲಿಯಾಗುತ್ತದೆ.

ಕುಡಿಯಲು ಆರ್‌ಒ ಹಾಕಿಸಿದೆವು. ಅದರ ನೀರಲ್ಲಿ ನೈಟ್ರೇಟ್ 14. ಒಳ್ಳೆಯದೇ. ಆದರೆ ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಲೀಟರ್ ಹೊರಗೆ ಹೋಗುತ್ತದೆ. ಆ ಹೊರಗೆ ಹೋಗುವ ನೀರಲ್ಲಿ 160. ಅದು ಚರಂಡಿಗೆ ಬಿದ್ದು, ಇಂಗಿ, ತಿರುಗಿ ನಮ್ಮ ಬೋರ್‌ಗೇ ಬರುತ್ತದೆ. ಆರ್‌ಒ ನೈಟ್ರೇಟನ್ನು ಪಕ್ಕಕ್ಕೆ ಸರಿಸುತ್ತದೆ ಅಷ್ಟೇ, ಒಡೆಯುವುದಿಲ್ಲ. ಒಡೆಯುವುದಕ್ಕೆ ಆಗುತ್ತಾ ನೋಡೋಣ ಎಂದು ಹೊರಟೆ. ಈ ನೀರಿಗೆ ಇನ್ನೊಂದು ಅನುಕೂಲವೂ ಇದೆ. ಉಪ್ಪಿನಂಶ ಜಾಸ್ತಿ ಇರುವುದರಿಂದ ಕರೆಂಟ್ ಸುಲಭವಾಗಿ ಹರಿಯುತ್ತದೆ.

ಹಂತ 1: ಅಳೆಯುವ ಸಾಮಾನು

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಅದ್ದಿ ಬಣ್ಣ ನೋಡುವ ನೈಟ್ರೇಟ್-ನೈಟ್ರೈಟ್ ಪಟ್ಟಿ 600 ರೂಪಾಯಿ, ಅಮೋನಿಯ ಕಿಟ್ 900, ಟಿಡಿಎಸ್ ಮತ್ತು ಪಿಎಚ್ ಪೆನ್ನು ಸೇರಿ 800. ಪಟ್ಟಿಯ ಬಣ್ಣ 50, 100, 250 ಎಂದು ಜಿಗಿಯುತ್ತದೆ. 160 ಎಂದು ನೇರವಾಗಿ ಓದಲು ಆಗುವುದಿಲ್ಲ. ಅದಕ್ಕೆ ಒಂದು ಪಾಲು ನೀರಿಗೆ ನಾಲ್ಕು ಪಾಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ ಓದುತ್ತೇನೆ, ಬಂದದ್ದನ್ನು ಐದರಿಂದ ಗುಣಿಸುತ್ತೇನೆ. ಆಗಾಗ ಲ್ಯಾಬ್‌ಗೂ ಕೊಟ್ಟು ತಾಳೆ ನೋಡಿದ್ದೇನೆ.

ಪಟ್ಟಿ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಕೆಲವು ಡಬ್ಬಗಳಲ್ಲಿ ಅಂಕಿ ನೈಟ್ರೇಟ್ ಲೆಕ್ಕದಲ್ಲಿರುತ್ತದೆ, ಕೆಲವದರಲ್ಲಿ ಬರೀ ನೈಟ್ರೋಜನ್ ಲೆಕ್ಕದಲ್ಲಿ. ಎರಡನೆಯದರ 10 ಎಂದರೆ ಮೊದಲನೆಯದರ 44. ಇದು ಗೊತ್ತಿಲ್ಲದೆ ‘ನಮ್ಮ ನೀರಲ್ಲಿ ಬರೀ 25’ ಎಂದು ನೆಮ್ಮದಿಯಾಗಿರುವವರು ನಮ್ಮೂರಲ್ಲೇ ಇದ್ದಾರೆ.

ಹಂತ 2: ಅಲ್ಯೂಮಿನಿಯಂ ತಗಡು, ಬಕೆಟ್

ಗುಜರಿ ಅಂಗಡಿಯಿಂದ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ತಂದೆ, 200 ರೂಪಾಯಿ. 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ನಾಲ್ಕು ತುಂಡು ಕತ್ತರಿಸಿ, ನಡುವೆ ಪಿವಿಸಿ ಚೂರು ಇಟ್ಟು 1 ಸೆಂ.ಮೀ. ಅಂತರಕ್ಕೆ ನಿಲ್ಲಿಸಿದೆ. ನೀರಲ್ಲಿ ಮುಳುಗುವುದು 12 ಸೆಂ.ಮೀ. ಒಂದು ಬಿಟ್ಟು ಒಂದಕ್ಕೆ ಪ್ಲಸ್, ಮೈನಸ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 12 ವೋಲ್ಟ್, 10 ಆಂಪಿಯರ್ ಎಸ್‌ಎಂಪಿಎಸ್ (ಮನೆ ಕರೆಂಟನ್ನು ಡಿಸಿ ಮಾಡಿಕೊಡುವ ಪೆಟ್ಟಿಗೆ) 650ಕ್ಕೆ, ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಬಕ್ ಕನ್ವರ್ಟರ್ 350ಕ್ಕೆ. ಬಕೆಟ್‌ಗೆ 5 ಲೀಟರ್ ನೀರು.

5 ಆಂಪಿಯರ್‌ಗೆ ಇಟ್ಟಾಗ 9.8 ವೋಲ್ಟ್ ತೋರಿಸಿತು. ತಕ್ಷಣ ಗುಳ್ಳೆ ಏಳುತ್ತದೆ. ಅದು ಹೈಡ್ರೋಜನ್, 5 ಆಂಪಿಯರ್‌ಗೆ ಗಂಟೆಗೆ 2 ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಇದನ್ನು ಹಿತ್ತಿಲಲ್ಲಿ, ಮುಚ್ಚಳ ಹಾಕದೆ, ಬೀಡಿ ಸೇದುವವರಿಂದ ದೂರ ಮಾಡಬೇಕು. ಹತ್ತೇ ನಿಮಿಷಕ್ಕೆ ನೀರು ಬೆಳ್ಳಗಾಗಿ ಹಾಲು ಒಡೆದ ಹಾಗೆ ಕಾಣಿಸಿತು. ಅರ್ಧ ಗಂಟೆ ಆದಮೇಲೆ ವೋಲ್ಟೇಜ್ ಏರತೊಡಗಿ, 12 ಮುಟ್ಟಿ, ಅಲ್ಲಿಂದಾಚೆ ಕರೆಂಟ್ ಇಳಿಯತೊಡಗಿತು. ಎರಡು ಗಂಟೆ ಮುಗಿದಾಗ ಒಟ್ಟು ಹರಿದದ್ದು 10ರ ಬದಲು ಸುಮಾರು 8 ಆಂಪಿಯರ್-ಗಂಟೆ (ಆಂಪಿಯರ್‌ಅನ್ನು ಗಂಟೆಯಿಂದ ಗುಣಿಸಿದ ಲೆಕ್ಕ). ತಗಡು ಎತ್ತಿ ನೋಡಿದರೆ ಮೈನಸ್ ಕಡೆ ಬಿಳಿ ಸುಣ್ಣದ ಪದರ. ಮೈನಸ್ ತಗಡಿನ ಪಕ್ಕದ ನೀರು ಕ್ಷಾರವಾಗುತ್ತದೆ, ನಮ್ಮದು ಗಡಸು ನೀರು, ಸುಣ್ಣ ಕಟ್ಟದೆ ಇರುತ್ತದೆಯೇ?

ನೈಟ್ರೇಟ್ 160ರಿಂದ 75. ಖುಷಿಯೇ ಆಯಿತು. ಪಿಎಚ್ 9.6ಕ್ಕೆ ಏರಿತ್ತು. ತಗಡು ತೂಕ ಹಾಕಿದೆ. 8 ಆಂಪಿಯರ್-ಗಂಟೆಗೆ ಲೆಕ್ಕದ ಪ್ರಕಾರ 2.7 ಗ್ರಾಂ ಕರಗಬೇಕು, ಕರಗಿದ್ದು 3.9. ಕ್ಷಾರ ನೀರಲ್ಲಿ ಅಲ್ಯೂಮಿನಿಯಂ ತಾನಾಗಿಯೂ ಕರಗುತ್ತದೆ, ಹಾಗಾಗಿ ಮೈನಸ್ ತಗಡೂ ಸವೆದಿತ್ತು. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ 5 ಲೀಟರ್‌ನಲ್ಲಿ ಸುಮಾರು ಒಂದೂವರೆ ಲೀಟರ್ ಬಿಳಿ ಗಸಿ. ಬಟ್ಟೆಯಲ್ಲಿ ಸೋಸಲು ಹೋದರೆ ಬಟ್ಟೆಯೇ ಕಟ್ಟಿಕೊಂಡಿತು.

ಆಮೇಲೆ ಅಮೋನಿಯ ಕಿಟ್ ತೆಗೆದೆ. ಆ ಖುಷಿ ಅಲ್ಲಿಗೆ ಮುಗಿಯಿತು. ಕಳೆದುಹೋದ 85 ಮಿಲಿಗ್ರಾಂ ನೈಟ್ರೇಟ್‌ನಲ್ಲಿ ಇದ್ದ ನೈಟ್ರೋಜನ್ 19. ಕಿಟ್ ತೋರಿಸಿದ ಅಮೋನಿಯ, ನೈಟ್ರೋಜನ್ ಲೆಕ್ಕದಲ್ಲಿ, 14. ಅಂದರೆ ಬಹುಪಾಲು ಗಾಳಿಗೆ ಹೋಗಿಲ್ಲ, ನೀರಲ್ಲೇ ವೇಷ ಬದಲಿಸಿ ಕೂತಿದೆ. ಮಾನಕದಲ್ಲಿ ಅಮೋನಿಯದ ಮಿತಿ 0.5. ನೈಟ್ರೇಟ್ ಮಿತಿಯ ಮೂರೂವರೆ ಪಟ್ಟು ಇದ್ದ ನೀರನ್ನು ಅಮೋನಿಯ ಮಿತಿಯ 28 ಪಟ್ಟು ಇರುವ ನೀರು ಮಾಡಿದ್ದೆ. ಇಂಟರ್‌ನೆಟ್‌ನಲ್ಲಿ ‘ಎರಡು ತಗಡು, ಒಂದು ಚಾರ್ಜರ್, ನೈಟ್ರೇಟ್ ಮಾಯ’ ಎಂದು ತೋರಿಸುವ ವಿಡಿಯೋಗಳಲ್ಲಿ ಅಮೋನಿಯ ಅಳೆದದ್ದನ್ನು ನಾನಂತೂ ನೋಡಿಲ್ಲ.

ಹಂತ 3: ಅಲ್ಟ್ರಾಸೌಂಡ್ ಅಂಟಿಸುವುದು

40 ಕಿಲೋಹರ್ಟ್ಸ್, 60 ವಾಟ್‌ನ ಟ್ರಾನ್ಸ್‌ಡ್ಯೂಸರ್ (ಕರೆಂಟನ್ನು ಕಂಪನ ಮಾಡುವ ಸಾಧನ) ಎರಡು, ಒಂದಕ್ಕೆ 550. ಒಡವೆ, ಕನ್ನಡಕ ತೊಳೆಯುವ ಮೆಷಿನ್‌ಗಳಲ್ಲಿ ಇರುವಂಥದ್ದೇ. ಪ್ಲಾಸ್ಟಿಕ್ ಬಕೆಟ್‌ಗೆ ಅಂಟಿಸಿದರೆ ಕೆಲಸಕ್ಕೆ ಬರಲಿಲ್ಲ, ಪ್ಲಾಸ್ಟಿಕ್ಕೇ ಕಂಪನ ನುಂಗಿಬಿಡುತ್ತದೆ. ಅಡಿ ಸಮತಟ್ಟಾಗಿರುವ ಸ್ಟೀಲ್ ಡಬರಿ ತಂದೆ, 700.

ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಹಾಕಿದ್ದು ಬಿಸಿಗೆ ಬಿಟ್ಟುಕೊಂಡು, ಒಂದು ಟ್ರಾನ್ಸ್‌ಡ್ಯೂಸರ್ ಕಳಚಿ ಬಿತ್ತು. ನಿಧಾನವಾಗಿ ಗಟ್ಟಿಯಾಗುವ ಅರಲ್ಡೈಟ್ ಹಾಕಿದಾಗ ನಿಂತಿತು. ಡಬರಿಯ ಅಡಿಯನ್ನು 120 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ತೆಳುವಾಗಿ ಹಚ್ಚಿ, ಮೇಲೆ ತೂಕ ಇಟ್ಟು ಒಂದು ದಿನ ಮುಟ್ಟದೆ ಬಿಡಬೇಕು. ಅಂಟಿನಲ್ಲಿ ಗಾಳಿ ಗುಳ್ಳೆ ಉಳಿದರೆ ಶಕ್ತಿಯೆಲ್ಲ ಅಲ್ಲೇ ಬಿಸಿಯಾಗಿ ವ್ಯರ್ಥ.

ಟ್ರಾನ್ಸ್‌ಡ್ಯೂಸರ್ ಓಡಿಸುವ ಡ್ರೈವರ್ ಬೋರ್ಡ್ ವಿಷಯ ಸ್ವಲ್ಪ ಜೋಪಾನ. 1,100 ರೂಪಾಯಿಯ ಅಗ್ಗದ ಬೋರ್ಡ್ ಹಾಕಿ, ಡಬರಿಗೆ ಟೆಸ್ಟರ್ ಮುಟ್ಟಿಸಿದರೆ ಟೆಸ್ಟರ್ ಉರಿಯಿತು. ಅದರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರಲಿಲ್ಲ, ಮನೆ ಕರೆಂಟ್ ನೇರವಾಗಿ ಪಾತ್ರೆಗೆ ದಾಟುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು, ಟ್ರಾನ್ಸ್‌ಫಾರ್ಮರ್ ಇರುವ ಬೋರ್ಡ್ 1,900 ಕೊಟ್ಟು ತಂದೆ. ಡಬರಿಗೆ ಅರ್ಥಿಂಗ್ ಕೊಟ್ಟು, ಲೈನ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಹಾಕಿಸಿದೆ, 1,300. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಆನ್ ಇರುವಾಗ ನೀರಿಗೆ ಕೈ ಹಾಕಲೇಬಾರದು. ನೀರಿಲ್ಲದೆ ಆನ್ ಮಾಡಿದರೆ ಟ್ರಾನ್ಸ್‌ಡ್ಯೂಸರ್ ಸುಟ್ಟುಹೋಗುತ್ತದೆ.

ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ರೊಟ್ಟಿ ಸುತ್ತುವ ಫಾಯಿಲ್ ತುಂಡನ್ನು ನೀರಲ್ಲಿ ಇಳಿಬಿಡಿ. ಒಂದು ನಿಮಿಷದೊಳಗೆ ತೂತು ತೂತಾದರೆ ಸರಿಯಾಗಿದೆ.

ಹಂತ 4: ಅಲ್ಟ್ರಾಸೌಂಡ್‌ನಿಂದ ಏನು ಲಾಭ

ಮೊದಲು ತಗಡು ಇಲ್ಲದೆ ಬರೀ ಅಲ್ಟ್ರಾಸೌಂಡ್, ಒಂದು ಗಂಟೆ. ನೈಟ್ರೇಟ್ 160 ಇದ್ದದ್ದು 160. ನೀರು ಮಾತ್ರ 27ರಿಂದ 36 ಡಿಗ್ರಿಗೆ ಬಿಸಿಯಾಯಿತು.

ಆಮೇಲೆ ಅಲ್ಯೂಮಿನಿಯಂ ತಗಡು ಇಳಿಸಿ ಎರಡನ್ನೂ ಒಟ್ಟಿಗೆ. ಪಾತ್ರೆಯೂ ಲೋಹದ್ದೇ ಆದ್ದರಿಂದ ತಗಡನ್ನು ಗೋಡೆಯಿಂದ 3 ಸೆಂ.ಮೀ. ದೂರ ತೂಗುಹಾಕಿದೆ. ಈ ಸಲ ವೋಲ್ಟೇಜ್ 9.8-9.9ರಲ್ಲೇ ನಿಂತಿತು. ಎರಡು ಗಂಟೆ ಪೂರ್ತಿ 5 ಆಂಪಿಯರ್ ಹರಿಯಿತು, ನೈಟ್ರೇಟ್ 50ಕ್ಕೆ ಬಂತು. 75ರ ಬದಲು 50, ಮೇಲ್ನೋಟಕ್ಕೆ ಅಲ್ಟ್ರಾಸೌಂಡ್‌ನ ಮಹಿಮೆ. ಆಂಪಿಯರ್-ಗಂಟೆಯಿಂದ ಭಾಗಿಸಿ ನೋಡಿ: ಮೊದಲು 8ಕ್ಕೆ 85 ಮಿಲಿಗ್ರಾಂ ಇಳಿದಿತ್ತು, ಈಗ 10ಕ್ಕೆ 110. ಹತ್ತಿರ ಹತ್ತಿರ ಒಂದೇ. ಅಂದರೆ ಅದು ನೈಟ್ರೇಟನ್ನು ಮುಟ್ಟುತ್ತಿಲ್ಲ. ತಗಡಿನ ಮೇಲೆ ಸುಣ್ಣ ಕಟ್ಟದಂತೆ, ಗುಳ್ಳೆ ಅಂಟದಂತೆ ಉಜ್ಜುತ್ತಿದೆ ಅಷ್ಟೇ. ಕರೆಂಟ್‌ಗೆ ದಾರಿ ತೆರೆದಿರುತ್ತದೆ.

ಉಜ್ಜುವ ಕೆಲಸ ಮಾತ್ರ ಆದರೆ ಇಡೀ ಹೊತ್ತು ಯಾಕೆ ಓಡಬೇಕು? ಎರಡು ಟ್ರಾನ್ಸ್‌ಡ್ಯೂಸರ್ ಸೇರಿ 120 ವಾಟ್ ತಿನ್ನುತ್ತವೆ, ತಗಡುಗಳು ತಿನ್ನುವುದು 50. ಕೆಲಸ ಮಾಡುವವನಿಗಿಂತ ಗುಡಿಸುವವನಿಗೆ ಸಂಬಳ ಜಾಸ್ತಿ! 280 ರೂಪಾಯಿಯ ಟೈಮರ್ ರಿಲೇ ಹಾಕಿ, 15 ನಿಮಿಷಕ್ಕೆ 2 ನಿಮಿಷ ಓಡುವಂತೆ ಮಾಡಿದೆ. ಸರಾಸರಿ 16 ವಾಟ್‌ಗೆ ಇಳಿಯಿತು, ವೋಲ್ಟೇಜ್‌ನಲ್ಲಿ ವ್ಯತ್ಯಾಸವೇ ಇಲ್ಲ. ಇಡೀ ಪ್ರಾಜೆಕ್ಟ್‌ನಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಜಾಸ್ತಿ ಕೊಟ್ಟದ್ದು ಈ ಟೈಮರ್.

ಒಂದು ಅಡ್ಡ ಪರಿಣಾಮ: ಟ್ರಾನ್ಸ್‌ಡ್ಯೂಸರ್‌ಗೆ ನೇರ ಮೇಲಿದ್ದ ತಗಡಿನ ಅಂಚು ಸಣ್ಣ ಸಣ್ಣ ಗುಳಿ ಬಿದ್ದು ಒರಟಾಯಿತು. ಅಡಿಯಿಂದ 4 ಸೆಂ.ಮೀ. ಎತ್ತರಿಸಿದ ಮೇಲೆ ನಿಂತಿತು.

ಹಂತ 5: ಅಮೋನಿಯ ಒಡೆಯುವುದು

ಅಮೋನಿಯಕ್ಕೆ ಸಾಕಷ್ಟು ಕ್ಲೋರಿನ್ ಕೊಟ್ಟರೆ ಅದು ನೈಟ್ರೋಜನ್ ಅನಿಲವಾಗಿ ಗಾಳಿಗೆ ಹೋಗುತ್ತದೆ. ಒಂದು ಮಿಲಿಗ್ರಾಂ ಅಮೋನಿಯ ನೈಟ್ರೋಜನ್‌ಗೆ ಲೆಕ್ಕದ ಪ್ರಕಾರ 7.6 ಮಿಲಿಗ್ರಾಂ ಕ್ಲೋರಿನ್, ಕೈಯಲ್ಲಿ ಮಾಡುವಾಗ 10 ಎಂದಿಟ್ಟುಕೊಳ್ಳಿ. ಕ್ಲೋರಿನ್ ಹೊರಗಿಂದ ಸುರಿಯುವ ಬದಲು ಉಪ್ಪು ನೀರಿಂದ ಅಲ್ಲೇ ಹುಟ್ಟಿಸಬಹುದು. ಅದಕ್ಕೆ ಲೋಹದ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಮೆಶ್ ಬೇಕು. 10-15 ಸೆಂ.ಮೀ. ಅಳತೆಯದಕ್ಕೆ 1,400.

ಮೆಶ್ ದುಬಾರಿ, ಸ್ಟೀಲ್ ತಗಡನ್ನೇ ಪ್ಲಸ್‌ಗೆ ಹಾಕು ಎಂದು ಸಲಹೆ ಕೊಟ್ಟವರಿದ್ದಾರೆ. ದಯವಿಟ್ಟು ಮಾಡಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಪ್ಲಸ್ ಕಡೆಗೆ ಬಂದರೆ ಕರಗಿ ಕ್ರೋಮಿಯಂ, ನಿಕಲ್ ನೀರಿಗೆ ಇಳಿಯುತ್ತವೆ. ಅದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ನೈಟ್ರೇಟ್ ತೆಗೆಯಲು ಹೋಗಿ ಅದನ್ನು ತುಂಬಿಕೊಳ್ಳುವುದು ಯಾವ ನ್ಯಾಯ?

ಅಲ್ಯೂಮಿನಿಯಂ ಕೆಲಸ ಮುಗಿದು ಗಸಿ ಇಳಿದ ತಿಳಿ ನೀರಿಗೆ ಲೀಟರಿಗೆ 1 ಗ್ರಾಂ ಉಪ್ಪು ಹಾಕಿ, ಮೆಶ್ ಇಳಿಸಿ, 3 ಆಂಪಿಯರ್‌ನಲ್ಲಿ ಮುಕ್ಕಾಲು ಗಂಟೆ ಓಡಿಸಿದೆ. ಮೊದಲು ಕಣ್ಣು ಉರಿಯುವ ವಾಸನೆ ಬಂತು, ಅಮೋನಿಯ ಮತ್ತು ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನದು. ಆಮೇಲೆ ಅದು ತಗ್ಗಿ ಈಜುಕೊಳದ ಸಾದಾ ವಾಸನೆ ಆಯಿತು. ಅಮೋನಿಯ ಕಿಟ್‌ನಲ್ಲಿ ಬಣ್ಣವೇ ಬರಲಿಲ್ಲ. ನೈಟ್ರೇಟ್ ಪಟ್ಟಿ ಅದ್ದಿದರೆ ಸೊನ್ನೆ!

ಸೊನ್ನೆ ಹೇಗೆ ಸಾಧ್ಯ? ಹಿಂದಿನ ಹಂತದಲ್ಲೇ 50 ಉಳಿದಿತ್ತಲ್ಲ. ಪಟ್ಟಿಯಲ್ಲಿ ಬರುವ ಗುಲಾಬಿ ಬಣ್ಣವನ್ನೇ ಕ್ಲೋರಿನ್ ಬಿಳುಚಿಸುತ್ತಿತ್ತು. ಅಕ್ವೇರಿಯಂ ಅಂಗಡಿಯ ಹೈಪೋ ಹರಳು ಒಂದನ್ನು ಮಾದರಿಗೆ ಹಾಕಿ ಕ್ಲೋರಿನ್ ಕೊಂದು ಮತ್ತೆ ಅದ್ದಿದೆ. 60 ಬಂತು. 50 ಅಲ್ಲ, 60. ಅಲ್ಯೂಮಿನಿಯಂ ಹಂತದಲ್ಲಿ ಅರ್ಧಕ್ಕೆ ನಿಂತಿದ್ದ ನೈಟ್ರೈಟ್‌ಅನ್ನು ಕ್ಲೋರಿನ್ ತಿರುಗಿ ನೈಟ್ರೇಟ್ ಮಾಡಿತ್ತು. ಕ್ಲೋರಿನ್ ಇರುವ ನೀರಿಗೆ ಹೈಪೋ ಹಾಕದೆ ಪಟ್ಟಿ ಅದ್ದಿ ಫೋಟೋ ಹಾಕುವವರ ಸೊನ್ನೆಯನ್ನು ನಂಬಬೇಡಿ.

ಇನ್ನೊಂದು ತೊಂದರೆ ಟಿಡಿಎಸ್ ಪೆನ್ನಿನಲ್ಲಿ ಕಂಡಿತು. 1,260 ಇದ್ದ ನೀರು ಉಪ್ಪು ಸೇರಿ 2,200 ದಾಟಿತ್ತು. ಗಿಡಕ್ಕೂ ಬೇಡ, ದನಕ್ಕೂ ಬೇಡ.

ಹಂತ 6: ಒಂದೇ ಪಾತ್ರೆ, ಉಪ್ಪಿಲ್ಲ, ಅಲ್ಯೂಮಿನಿಯಂ ಇಲ್ಲ

ಆರ್‌ಒ ಬಿಟ್ಟ ನೀರಲ್ಲಿ ಕ್ಲೋರೈಡ್ ಆಗಲೇ 290 ಇದೆ. ಅದೇ ಸಾಕಾಗುತ್ತದೆಯೇ ನೋಡಿದೆ. ನಡುವೆ ಮೆಶ್ ಪ್ಲಸ್, ಎರಡೂ ಪಕ್ಕ ಮೈನಸ್ ತಗಡು, ಅಂತರ 5 ಮಿ.ಮೀ. 1 ಸೆಂ.ಮೀ. ಇಟ್ಟರೆ 12 ವೋಲ್ಟ್ ಸಾಲುವುದಿಲ್ಲ. ಮೈನಸ್‌ನಲ್ಲಿ ನೈಟ್ರೇಟ್ ಅಮೋನಿಯ ಆಗುತ್ತದೆ, ಪ್ಲಸ್‌ನಲ್ಲಿ ಹುಟ್ಟುವ ಕ್ಲೋರಿನ್ ಅದನ್ನು ಅಲ್ಲೇ ಒಡೆಯುತ್ತದೆ.

ತಾಮ್ರದ ತಗಡು ಹಾಕಿದಾಗ ಕೆಲಸ ಬೇಗ ಆಯಿತು. ಆದರೆ ಕರೆಂಟ್ ಆರಿಸಿ ತಗಡನ್ನು ನೀರಲ್ಲೇ ಬಿಟ್ಟ ರಾತ್ರಿ ಕ್ಲೋರಿನ್ ಅದನ್ನು ತಿಂದು ನೀರು ತಿಳಿ ಹಸಿರಾಗಿತ್ತು. ಈಗ 1.6 ಮಿ.ಮೀ. ಕಬ್ಬಿಣದ ತಗಡು ಇದೆ. ಕರೆಂಟ್ ಇರುವವರೆಗೆ ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಮೊದಲು ತಗಡು ಮೇಲೆತ್ತಿ, ಆಮೇಲೆ ಸ್ವಿಚ್ ಆರಿಸುವುದು ಈಗ ಅಭ್ಯಾಸವಾಗಿದೆ. ಊರಲ್ಲಿ ಕರೆಂಟ್ ತಾನಾಗಿ ಹೋದಾಗ ಓಡಿಹೋಗಿ ಎತ್ತಬೇಕು. ಪ್ಲಸ್-ಮೈನಸ್ ಅದಲು ಬದಲು ಮಾಡಿ ಸುಣ್ಣ ಬಿಡಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ, ಮೆಶ್‌ನ ಲೇಪ ಹಾಳಾಗುತ್ತದೆ. ಅಲ್ಟ್ರಾಸೌಂಡ್ ನಿಜವಾಗಿ ಬೇಕಾಗಿದ್ದು ಈ ಹಂತದಲ್ಲಿ.

5 ಆಂಪಿಯರ್, 8.5 ವೋಲ್ಟ್. 4 ಗಂಟೆಗೆ ನೈಟ್ರೇಟ್ 70. ಅಮೋನಿಯ ಕಿಟ್‌ನ ಅತಿ ಕಡಿಮೆ ಅಂಕಿಯ ಬಣ್ಣಕ್ಕಿಂತ ಕೆಳಗೆ, ನೈಟ್ರೈಟ್ 1ರ ಹತ್ತಿರ. ಗಸಿ ಇಲ್ಲ, ಅಡಿಯಲ್ಲಿ ಸ್ವಲ್ಪ ಸುಣ್ಣದ ಪುಡಿ. 6 ಗಂಟೆ ಬಿಟ್ಟು ಲ್ಯಾಬ್‌ಗೆ ಕೊಟ್ಟರೆ 52. ನೈಟ್ರೇಟ್ ಕಡಿಮೆ ಆದಷ್ಟೂ ಉಳಿದದ್ದು ತಗಡಿನ ಹತ್ತಿರ ಬರುವುದು ನಿಧಾನ, ಕರೆಂಟ್ ಬರೀ ಹೈಡ್ರೋಜನ್ ಮಾಡುತ್ತಾ ಕೂರುತ್ತದೆ.

ಖರ್ಚು

ಕೆಲಸಕ್ಕೆ ಬಾರದ ಬೋರ್ಡ್ ಸೇರಿ ಸಾಮಾನಿಗೆ 11,300 ಆಸುಪಾಸು. ಓಡಿಸುವ ಖರ್ಚು ಇಲ್ಲಿದೆ. ಅಲ್ಯೂಮಿನಿಯಂ ವಿಧಾನದಲ್ಲಿ ಸಾವಿರ ಲೀಟರಿಗೆ ಸುಮಾರು 31 ಯೂನಿಟ್, ಜೊತೆಗೆ ಒಂದು ಕಿಲೋ ಅಲ್ಯೂಮಿನಿಯಂ ಕರಗುತ್ತದೆ. ಯೂನಿಟ್‌ಗೆ 7, ಕಿಲೋಗೆ 300 ಹಿಡಿದರೆ 500 ರೂಪಾಯಿ ದಾಟುತ್ತದೆ, ಗಸಿ ಎಸೆಯುವ ತಲೆನೋವು ಬೇರೆ. ಒಂದೇ ಪಾತ್ರೆಯ ವಿಧಾನದಲ್ಲಿ 4 ಗಂಟೆಗೆ 5 ಲೀಟರ್ 234 ವಾಟ್-ಗಂಟೆ ತಿಂದಿತು. ಸಾವಿರ ಲೀಟರಿಗೆ 47 ಯೂನಿಟ್, 330 ರೂಪಾಯಿ. 6 ಗಂಟೆ ಓಡಿಸಿದರೆ ಅದರ ಒಂದೂವರೆ ಪಟ್ಟು.

ಇದನ್ನೆಲ್ಲ ನೋಡಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಸುಮ್ನೆ ಬಾಳೆ ಬುಡಕ್ಕೆ ಬಿಡಪ್ಪ, ಅದೂ ಗೊಬ್ಬರಾನೇ ಅಲ್ವಾ?” ನಿಜ, ನೈಟ್ರೇಟ್ ಗಿಡಕ್ಕೆ ಗೊಬ್ಬರವೇ. ಬಿಟ್ಟು ನೋಡಿದೆವು. ಬಾಳೆ ಚೆನ್ನಾಗಿಯೇ ಬಂತು, ಆದರೆ ಬೇಸಿಗೆಯಲ್ಲಿ ಉಪ್ಪಿಗೆ ಎಲೆ ಅಂಚು ಸುಟ್ಟವು. ಮಳೆಗಾಲದಲ್ಲಿ ಬಾಳೆಗೆ ಬಿಡುವುದೇ ಲೇಸು ಎಂದು ನಾನೂ ಒಪ್ಪಿದ್ದೇನೆ. ಹಸುವಿನ ಹುಲ್ಲಿಗೆ ಮಾತ್ರ ಬೇಡ. ಹುಲ್ಲಿನಲ್ಲಿ ನೈಟ್ರೇಟ್ ತುಂಬಿಕೊಂಡರೆ ದನಕ್ಕೆ ವಿಷ.

ಈ ಪಾತ್ರೆಯಿಂದ ಬಂದ ನೀರನ್ನು ನಾವು ಕುಡಿಯುತ್ತಿಲ್ಲ, ನೀವೂ ಕುಡಿಯಬೇಡಿ. ಕ್ಲೋರಿನ್ ಹುಟ್ಟುವ ಕಡೆ ಕ್ಲೋರೇಟ್‌ನಂಥ ಬೇರೆ ಪದಾರ್ಥಗಳೂ ಹುಟ್ಟುತ್ತವೆ. ಅವನ್ನು ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಇದ್ದಿಲು ಫಿಲ್ಟರ್ ದಾಟಿಸಿ ಶೌಚಾಲಯಕ್ಕೆ, ಅಂಗಳ ತೊಳೆಯಲು ಬಳಸುತ್ತಿದ್ದೇವೆ.

ಹಂತ 7: ಸದ್ಯಕ್ಕೆ ಇಲ್ಲಿ

52ರಿಂದ ಕೆಳಗಿಳಿಸಲು ಎರಡು ದಾರಿ ಕಾಣುತ್ತಿದೆ. ಒಂದು, ಕೊನೆಯ ಎರಡು ಗಂಟೆ ಕರೆಂಟನ್ನು 2 ಆಂಪಿಯರ್‌ಗೆ ಇಳಿಸುವುದು. ನೈಟ್ರೇಟ್ ಬರುವ ವೇಗಕ್ಕೆ ತಕ್ಕಷ್ಟೇ ಕರೆಂಟ್ ಕೊಟ್ಟರೆ ಹೈಡ್ರೋಜನ್‌ಗೆ ಹೋಗುವ ಪಾಲು ಉಳಿಯಬೇಕು. ಇನ್ನೊಂದು, ಸಣ್ಣ ಪಂಪ್ ಹಾಕಿ ನೀರನ್ನು ತಗಡುಗಳ ನಡುವೆ ತಿರುಗಿಸುವುದು. ಕೂಲರ್‌ನ 18 ವಾಟ್ ಪಂಪ್ ಮನೆಯಲ್ಲೇ ಬಿದ್ದಿದೆ, ಮೊದಲು ಅದನ್ನೇ ಹಾಕುತ್ತೇನೆ. ಹಿತ್ತಾಳೆ ತಗಡನ್ನು ಮೈನಸ್‌ಗೆ ಹಾಕಿ ನೋಡಿದವರು ಯಾರಾದರೂ ಇದ್ದರೆ, ನೀರಿಗೆ ಎಷ್ಟು ಸತು ಮತ್ತು ತಾಮ್ರ ಇಳಿಯಿತು ಎಂದು ಲ್ಯಾಬ್ ವರದಿ ಸಮೇತ ತಿಳಿಸಿ.